ಕಾಯ್ ಟಾಕ್‌ನ ಆ 47 ಡಿಗ್ರಿ ತಿರುವು

ಮುಚ್ಚಿಹೋದ ವಿಮಾನ ನಿಲ್ದಾಣವನ್ನು ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ತಂತ್ರಾಂಶದಲ್ಲಿ, ಮತ್ತೆ ಕಟ್ಟುವುದು ಅಂದರೆ ಏನು? ಹಳೇ ಫೋಟೋ ತಂದು ನೆಲಕ್ಕೆ ಅಂಟಿಸಿ, ಮೇಲೊಂದು ಟರ್ಮಿನಲ್ ಕೂರಿಸಿದರೆ ಮುಗೀತು ಎಂದು ತುಂಬಾ ಜನ ತಿಳಿದಿದ್ದಾರೆ. ಈ ಮಾತು ಕೇಳಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಅಷ್ಟು ಸುಲಭವಾಗಿದ್ದರೆ ಹಾಂಗ್‌ಕಾಂಗ್‌ನ ಕಾಯ್ ಟಾಕ್ ನಿಲ್ದಾಣವನ್ನು ಯಾರೋ ಒಬ್ಬರು ಒಂದು ಸಲ ಮಾಡಿ ಮುಗಿಸುತ್ತಿದ್ದರು. 1998ರ ಜುಲೈ 6ರಂದು ಅದು ಮುಚ್ಚಿತು. ಆಮೇಲೆ ಎಷ್ಟೋ ಸಿಮ್ಯುಲೇಟರ್‌ಗಳು ಬಂದವು, ಹೋದವು. ಪ್ರತಿ ಸಲವೂ ಯಾರಾದರೂ ಕೂತು ಕಾಯ್ ಟಾಕನ್ನು ಮೊದಲಿಂದ ಕಟ್ಟುತ್ತಾರೆ. ಯಾಕೆ ಅಂದರೆ ಅವರು ಕಟ್ಟುತ್ತಿರುವುದು ಬರೀ ಕಟ್ಟಡವನ್ನಲ್ಲ, ಒಂದು ತಿರುವನ್ನು. ಆ ತಿರುವಿನ ವಿಜ್ಞಾನ ಎಷ್ಟು ಚಂದ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇತಿಹಾಸ ಸ್ವಲ್ಪ ಬೇಕು. ಹೋ ಕಾಯ್ ಮತ್ತು ಔ ಟಾಕ್ ಎಂಬ ಇಬ್ಬರು ಉದ್ಯಮಿಗಳು ಕೌಲೂನ್ ಕೊಲ್ಲಿಯಲ್ಲಿ ಮಣ್ಣು ತುಂಬಿಸಿ, ಮನೆ ಕಟ್ಟಿ ಮಾರಬೇಕು ಎಂದು ಹೊರಟಿದ್ದರು. ಅದು ಕೈಗೂಡಲಿಲ್ಲ. ನೆಲ ಉಳಿಯಿತು, ಅವರ ಹೆಸರೂ ಉಳಿಯಿತು. 1920ರ ದಶಕದಲ್ಲಿ ಅಲ್ಲಿ ವಿಮಾನ ಹಾರಿಸಲು ಶುರು ಮಾಡಿದರು. ಊರು ಬೆಳೆಯಿತು, ವಿಮಾನಗಳೂ ದೊಡ್ಡವಾದವು, ನೆಲದ ಮೇಲೆ ಜಾಗ ಸಾಲಲಿಲ್ಲ. ಆಗ ಸಮುದ್ರದೊಳಕ್ಕೇ ಉದ್ದಕ್ಕೆ ಮಣ್ಣು ತುಂಬಿ ಹೊಸ ರನ್‌ವೇ ಮಾಡಿದರು. 1958ರಲ್ಲಿ ಬಳಕೆಗೆ ಬಂದ ಅದನ್ನು 1970ರ ದಶಕದಲ್ಲಿ ಇನ್ನಷ್ಟು ಚಾಚಿ 3,390 ಮೀಟರ್ ಮಾಡಿದರು. ಮೂರು ಕಡೆ ನೀರು, ಒಂದು ಕಡೆ ಕೌಲೂನ್‌ನ ಬೀದಿಗಳು. 1996ರಲ್ಲಿ ಈ ಒಂದೇ ರನ್‌ವೇ ಮೇಲೆ ಸುಮಾರು 2.95 ಕೋಟಿ ಪ್ರಯಾಣಿಕರು ಬಂದು ಹೋದರು. ಬೆಳೆಯಲು ಜಾಗವೇ ಇರಲಿಲ್ಲ, ಅದಕ್ಕೇ ಚೆಕ್ ಲಪ್ ಕೋಕ್‌ನಲ್ಲಿ ಹೊಸ ನಿಲ್ದಾಣ ಬಂತು. 'ಅಪಾಯಕಾರಿ ಅಂತ ಮುಚ್ಚಿದರು' ಎಂದು ಹೇಳುವವರು ಈ ಲೆಕ್ಕವನ್ನು ಮರೆತುಬಿಡುತ್ತಾರೆ.

ಈಗ ರನ್‌ವೇ 13ರ ಕಷ್ಟಕ್ಕೆ ಬರೋಣ. ಅದೇ ಒಂದು ರನ್‌ವೇಗೆ ವಾಯವ್ಯದ ತುದಿಯಿಂದ ಇಳಿಯುವಾಗ ಇರುವ ಹೆಸರು ಇದು. ಈ ರನ್‌ವೇ ಆಗ್ನೇಯಕ್ಕೆ, ಉತ್ತರದಿಂದ ಬಲಕ್ಕೆ ಅಳೆದರೆ 135 ಡಿಗ್ರಿಯ ಹತ್ತಿರ, ಮುಖ ಮಾಡಿದೆ. ಅದಕ್ಕೆ ನೇರವಾಗಿ ಇಳಿಯಬೇಕಾದರೆ ವಿಮಾನ ವಾಯವ್ಯದಿಂದ ಬರಬೇಕು. ವಾಯವ್ಯದಲ್ಲಿ ಏನಿದೆ? ಗುಡ್ಡಸಾಲು. 495 ಮೀಟರ್ ಎತ್ತರದ ಲಯನ್ ರಾಕ್, ಅದರ ಪಕ್ಕಕ್ಕೇ ಬೀಕನ್ ಹಿಲ್. ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ರನ್‌ವೇಯಿಂದ 4 ಕಿ.ಮೀ. ದೂರದಲ್ಲಿ ಅದರ ಎತ್ತರ ಬರೀ 210 ಮೀಟರ್. ಗುಡ್ಡಗಳು ಅದರ ಎರಡು ಪಟ್ಟು. ನೇರ ದಾರಿ ಮುಚ್ಚಿಹೋಯಿತು, ಅಲ್ವಾ?

1974ರಲ್ಲಿ ಇದಕ್ಕೆ ಸಿಕ್ಕ ಪರಿಹಾರವೇ ಐಜಿಎಸ್ (ಇನ್‌ಸ್ಟ್ರುಮೆಂಟ್ ಗೈಡೆನ್ಸ್ ಸಿಸ್ಟಮ್). ಎಲ್ಲ ದೊಡ್ಡ ನಿಲ್ದಾಣಗಳಲ್ಲೂ ಇರುವ ಐಎಲ್‌ಎಸ್‌ನ (ರೇಡಿಯೋ ಕಿರಣದಿಂದ ವಿಮಾನಕ್ಕೆ ಇಳಿಯುವ ದಾರಿ ತೋರಿಸುವ ವ್ಯವಸ್ಥೆಯ) ತಂಗಿ ಇದು. ಐಎಲ್‌ಎಸ್‌ನಲ್ಲಿ ಲೋಕಲೈಸರ್ ಎಂಬ ಆಂಟೆನಾ ಸಾಲು ಒಂದೇ ರೇಡಿಯೋ ಅಲೆಯ ಮೇಲೆ ಎರಡು ಸ್ವರಗಳನ್ನು ಹೊರಿಸಿ ಕಳಿಸುತ್ತದೆ. ಇಳಿಯಲು ಬರುವ ಪೈಲಟ್‌ನ ಎಡಗಡೆಗೆ 90 ಹರ್ಟ್ಸ್ ಜೋರು, ಬಲಗಡೆಗೆ 150 ಹರ್ಟ್ಸ್ ಜೋರು. ಜಾತ್ರೆಯ ಬೀದಿಯಲ್ಲಿ ಎಡಗಡೆ ಸ್ಪೀಕರ್‌ನಲ್ಲಿ ಒಂದು ಹಾಡು, ಬಲಗಡೆ ಸ್ಪೀಕರ್‌ನಲ್ಲಿ ಇನ್ನೊಂದು ಹಾಡು ಹಾಕಿದ್ದಾರೆ ಎಂದುಕೊಳ್ಳಿ. ಕಣ್ಣು ಮುಚ್ಚಿಕೊಂಡಿದ್ದರೂ ಎರಡೂ ಒಂದೇ ಜೋರಿನಲ್ಲಿ ಕೇಳುವ ಹಾಗೆ ನಡೆದರೆ ನೀವು ಬೀದಿಯ ನಟ್ಟನಡುವೆ ಇದ್ದೀರಿ. ವಿಮಾನದ ರಿಸೀವರ್ ಮಾಡುವುದೂ ಇಷ್ಟೇ. ಎರಡು ಸ್ವರಗಳ ಬಲದ ವ್ಯತ್ಯಾಸ ಅಳೆದು ಕಾಕ್‌ಪಿಟ್‌ನ ಮುಳ್ಳನ್ನು ಎಡಕ್ಕೋ ಬಲಕ್ಕೋ ತಳ್ಳುತ್ತದೆ. ವ್ಯತ್ಯಾಸ ಸೊನ್ನೆಯಾದರೆ ಮುಳ್ಳು ನಡುವೆ. ಇಳಿಜಾರಿನ ಲೆಕ್ಕಕ್ಕೂ ಇದೇ ಉಪಾಯ. ಗ್ಲೈಡ್ ಸ್ಲೋಪ್‌ನಲ್ಲಿ ಮೇಲ್ಗಡೆ 90, ಕೆಳಗಡೆ 150.

ಕಾಯ್ ಟಾಕ್‌ನಲ್ಲಿ ಈ ಬೀದಿಯನ್ನೇ ಬೇರೆ ಕಡೆ ತಿರುಗಿಸಿದರು. ಕಿರಣದ ದಿಕ್ಕು 88 ಡಿಗ್ರಿ, ಹೆಚ್ಚುಕಮ್ಮಿ ಪೂರ್ವ. ಅದನ್ನು ಹಿಡಿದು ಬಂದ ವಿಮಾನ ಕೌಲೂನ್‌ನ ಮೇಲೆ ಹಾದು ನೇರ ಒಂದು ಗುಡ್ಡದ ಕಡೆ ಹೋಗುತ್ತದೆ. ಆ ಗುಡ್ಡದ ಮೈಗೆ ಕೆಂಪು ಬಿಳಿ ಚೌಕಗಳ ದೊಡ್ಡ ಪಟ. ಚೆಕರ್‌ಬೋರ್ಡ್ ಹಿಲ್ ಎಂದೇ ಅದಕ್ಕೆ ಹೆಸರು. ಸುಮಾರು 675 ಅಡಿಗೆ ಇಳಿದಾಗ ಆ ಚೌಕಗಳು ಕಣ್ಣಿಗೆ ಕಾಣದಿದ್ದರೆ ಮೇಲೇರಿ ವಾಪಸ್ ಹೋಗಬೇಕು. ಕಂಡರೆ ಆಟೋಪೈಲಟ್ ಬಿಟ್ಟು, ಕೈಯಲ್ಲೇ ಬಲಕ್ಕೆ 47 ಡಿಗ್ರಿ ತಿರುಗಿಸಿ ರನ್‌ವೇಗೆ ಸಾಲಾಗಬೇಕು. ಅಲ್ಲಿಂದ ಮುಂದೆ ಮುಳ್ಳು ಏನೂ ಹೇಳುವುದಿಲ್ಲ. ಕಟ್ಟಡಗಳ ತಾರಸಿ ಮೇಲೆ ಬಾಗಿದ ಸಾಲಿನಲ್ಲಿ ಇಟ್ಟಿದ್ದ ದೀಪಗಳೇ ದಾರಿ.

ಈ ರೇಡಿಯೋ ಕಿರಣಗಳು ಎಷ್ಟು ನಾಜೂಕು ಎಂಬುದಕ್ಕೆ ಒಂದು ನಿಜ ಘಟನೆ ಹೇಳಲೇಬೇಕು. 1993ರ ನವೆಂಬರ್ 4ರಂದು ಬಿರುಗಾಳಿ ಮಳೆಯಲ್ಲಿ ಚೈನಾ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನ ರನ್‌ವೇ 13ರಲ್ಲಿ ಇಳಿದು, ನಿಲ್ಲದೆ ನೀರಿಗೆ ಜಾರಿತು. ಒಳಗಿದ್ದ 396 ಜನರೂ ಬದುಕಿದರು. ನೀರಿನ ಮೇಲೆ ವಿಮಾನದ ಬಾಲ ಎದ್ದು ನಿಂತಿತ್ತು. ಅಷ್ಟು ದೊಡ್ಡ ಲೋಹದ ತುಂಡು ಅಲೆಗಳನ್ನು ಪ್ರತಿಫಲಿಸಿ ಐಎಲ್‌ಎಸ್ ಕಿರಣವನ್ನು ಕೆಡಿಸುತ್ತದೆ ಎಂದು ಆ ಬಾಲವನ್ನು ಸಿಡಿಮದ್ದು ಇಟ್ಟು ಉರುಳಿಸಿದರು!

ಈಗ ಸಿಮ್ಯುಲೇಟರ್ ಕಡೆ ಬನ್ನಿ. ಅದು ಅಲೆಗಳ ಪ್ರತಿಫಲನವನ್ನೆಲ್ಲ ಲೆಕ್ಕ ಹಾಕುವುದಿಲ್ಲ. ಆಂಟೆನಾ ಎಲ್ಲಿದೆ, ಕಿರಣದ ದಿಕ್ಕು ಯಾವುದು, ವಿಮಾನ ಎಲ್ಲಿದೆ ಎಂದು ನೋಡಿ, ನಡುವಿನ ಕೋನ ಲೆಕ್ಕ ಹಾಕಿ ಮುಳ್ಳನ್ನು ಅಲ್ಲಾಡಿಸುತ್ತದೆ, ಅಷ್ಟೇ. ಹಾಗಾಗಿ ಸೀನರಿ, ಅಂದರೆ ಸಿಮ್ಯುಲೇಟರ್‌ಗೆ ಸೇರಿಸುವ ನಿಲ್ದಾಣದ ಮಾದರಿ, ಮಾಡುವವರು ತುಂಬುವ ಆ ಮೂರ್ನಾಲ್ಕು ಅಂಕಿಗಳೇ ಎಲ್ಲ. ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ 5 ಕಿ.ಮೀ. ದೂರದಲ್ಲಿ ವಿಮಾನ 87 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಬೇರೆಯದೇ ಬೀದಿಯ ಮೇಲೆ! ಇನ್ನೊಂದು ತೊಡಕೂ ಇದೆ. ಹಳೆಯ ಸಿಮ್ಯುಲೇಟರ್‌ಗಳಲ್ಲಿ ತಾವಾಗಿಯೇ ಓಡಾಡುವ ಕಂಪ್ಯೂಟರ್ ವಿಮಾನಗಳಿಗೆ ರನ್‌ವೇಗೆ ನೇರವಾಗಿ ಬರುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಅವು ಗುಡ್ಡವನ್ನೇ ತೂರಿಕೊಂಡು ಬರುತ್ತಿದ್ದವು. ಅವುಗಳನ್ನು ತಿರುಗಿಸಲು ಜನ ಸುಳ್ಳು ರನ್‌ವೇಗಳನ್ನು ಸೇರಿಸಿ ನಾನಾ ಉಪಾಯ ಹೂಡಿದರು. ಅಂಥ ತಲೆಗಳಿಗೆ ನನ್ನ ನಮಸ್ಕಾರ.

ತಿರುವಿನ ಲೆಕ್ಕವನ್ನು ಒಮ್ಮೆ ಹಾಕಿಯೇ ನೋಡೋಣ, ಅದರಲ್ಲೇ ಮಜಾ ಇರುವುದು. ವಿಮಾನದ ವೇಗ 150 ನಾಟ್, ಅಂದರೆ ಸೆಕೆಂಡಿಗೆ 77 ಮೀಟರ್. ರೆಕ್ಕೆ 20 ಡಿಗ್ರಿ ಬಾಗಿಸಿದರೆ ಅದು ಸುಮಾರು 1,660 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತದೆ. 47 ಡಿಗ್ರಿ ತಿರುಗಲು ಹೆಚ್ಚುಕಮ್ಮಿ 18 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 70 ಮೀಟರ್‌ಗಿಂತ ಜಾಸ್ತಿ ಇಳಿದಿರುತ್ತದೆ. ರೆಕ್ಕೆ ಬಾಗಿಸಲು, ಮತ್ತೆ ಸಮ ಮಾಡಲು ಹಿಡಿಯುವ ಹೊತ್ತು ಬೇರೆ. ಈಗ ಹಿಂದಿನಿಂದ ಗಾಳಿ ತಳ್ಳಿ ನೆಲದ ಮೇಲಿನ ವೇಗ ಸೆಕೆಂಡಿಗೆ 10 ಮೀಟರ್ ಏರಿತು ಅನ್ನಿ. ತ್ರಿಜ್ಯ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ಅದು ಸುಮಾರು 2,120 ಮೀಟರ್ ಆಗುತ್ತದೆ. ವೇಗ ಏರಿದ್ದು ನೂರಕ್ಕೆ 13, ತಿರುವು ಹಿಗ್ಗಿದ್ದು ನೂರಕ್ಕೆ 28. ರನ್‌ವೇಯ ನೇರವನ್ನು ದಾಟಿ ಆಚೆ ಹೋಗಿ, ಕೊನೇ ಗಳಿಗೆಯಲ್ಲಿ ವಾಲಾಡುತ್ತಾ ಇಳಿಯುವ ವಿಮಾನಗಳ ವಿಡಿಯೋ ನೋಡಿದ್ದೀರಲ್ಲ, ಅದಕ್ಕೆ ಕಾರಣ ಈ ವರ್ಗ. ಪೈಲಟ್‌ನ ಧೈರ್ಯ, ಅದೃಷ್ಟ, ದೇವರ ಕೃಪೆ ಎಂದೆಲ್ಲ ಕಥೆ ಕಟ್ಟುವ ಅಗತ್ಯವೇ ಇಲ್ಲ. ಯಾವ ಗಾಳಿಗೆ ಎಲ್ಲಿ ತಿರುಗಲು ಶುರು ಮಾಡಬೇಕು ಎಂದು ಕಲಿತವರು ಅವರು. ಇದನ್ನೇ ಕಂಪ್ಯೂಟರ್ ಮುಂದೆ ಕೂತು ನೀವೂ ಕಲಿಯಬಹುದು, ಸೀನರಿ ಸರಿಯಾಗಿದ್ದರೆ.

ಇನ್ನೊಂದು ತಪ್ಪು ತಿಳಿವಳಿಕೆ ಫೋಟೋಗಳದ್ದು. ಬೀದಿಯ ಮೇಲೆ, ಮನೆಗಳ ನಡುವೆ ತೂರಿ ಬರುವಂತೆ ಕಾಣುವ 747ರ ಚಿತ್ರಗಳು ಎಲ್ಲರಿಗೂ ಗೊತ್ತು. ಸಿಮ್ಯುಲೇಟರ್‌ನಲ್ಲಿ ಹಾಗೆ ಕಾಣದಿದ್ದಾಗ 'ಸೀನರಿ ಸರಿಯಿಲ್ಲ' ಎಂದು ಬೈಯುವವರಿದ್ದಾರೆ. ವಿಮಾನಗಳು ನಿಜಕ್ಕೂ ತುಂಬಾ ತಗ್ಗಿನಲ್ಲಿ ಬರುತ್ತಿದ್ದವು, ಅದರಲ್ಲಿ ಸುಳ್ಳಿಲ್ಲ. ಆದರೆ ಎಷ್ಟೋ ಚಿತ್ರಗಳನ್ನು ದೂರ ನಿಂತು ಜೂಮ್ ಮಾಡಿ ತೆಗೆದಿದ್ದಾರೆ. ಕಟ್ಟಡ ನಿಮ್ಮಿಂದ 50 ಮೀಟರ್ ದೂರ, ವಿಮಾನ ಅದರಾಚೆ 300 ಮೀಟರ್ ಇದ್ದರೆ, ವಿಮಾನ ಕಟ್ಟಡದ ಪಕ್ಕದಲ್ಲೇ ಇದ್ದಾಗ ಕಾಣುವ ಗಾತ್ರದ ಏಳನೇ ಒಂದು ಭಾಗದಷ್ಟು ಕಾಣುತ್ತದೆ. ಅದೇ ನೀವು ಕಟ್ಟಡದಿಂದ 500 ಮೀಟರ್ ಹಿಂದೆ ಸರಿದು ಜೂಮ್ ಮಾಡಿದರೆ, ನೂರಕ್ಕೆ 60ಕ್ಕೂ ಜಾಸ್ತಿ. ಲೆನ್ಸ್ ಮೋಸ ಮಾಡಿದ್ದಲ್ಲ, ನಿಂತ ಜಾಗವೇ ಹಾಗೆ ತೋರಿಸಿದ್ದು. ಸಿಮ್ಯುಲೇಟರ್‌ನಲ್ಲೂ ಕ್ಯಾಮೆರಾವನ್ನು ಅಷ್ಟು ಹಿಂದಕ್ಕೆ ಒಯ್ದು ಜೂಮ್ ಮಾಡಿ ನೋಡಿ. ಅದೇ ಚಿತ್ರ ಸಿಗುತ್ತದೆ.

ಕಟ್ಟುವುದಕ್ಕಿಂತ ಕಷ್ಟ ಅಳಿಸುವುದು. ಇವತ್ತಿನ ಸಿಮ್ಯುಲೇಟರ್‌ಗಳು ಉಪಗ್ರಹ ಚಿತ್ರಗಳಿಂದ ಈಗಿನ ಭೂಮಿಯನ್ನು ತೋರಿಸುತ್ತವೆ. ಈಗಿನ ಕಾಯ್ ಟಾಕ್ ಅಂದರೆ ರನ್‌ವೇ ತುದಿಯಲ್ಲಿ 2013ರಲ್ಲಿ ತೆರೆದ ಹಡಗು ಟರ್ಮಿನಲ್, ಬುಡದ ಕಡೆ 2025ರಲ್ಲಿ ತೆರೆದ ಕ್ರೀಡಾಂಗಣ, ನಡುವೆ ಅಪಾರ್ಟ್‌ಮೆಂಟ್‌ಗಳು. ವಿಮಾನಗಳಿಗಾಗಿ ಕೌಲೂನ್‌ನಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿ ಇತ್ತು. ನಿಲ್ದಾಣ ಹೋದ ಮೇಲೆ ಆ ಮಿತಿಯೂ ಹೋಯಿತು, ಟವರ್‌ಗಳು ಎದ್ದವು. ಸೀನರಿ ಮಾಡುವವರು ಒಂದೊಂದು ಟವರ್ ಸುತ್ತ ಗೆರೆ ಎಳೆದು ಅಳಿಸಬೇಕು. ಟವರ್ ಮಾಯವಾಗುತ್ತದೆ. ಆದರೆ ಕೆಳಗಿನ ಚಿತ್ರದಲ್ಲಿ ಅದರ ಉದ್ದನೆಯ ಕಪ್ಪು ನೆರಳು ರಸ್ತೆಗೆ ಅಡ್ಡಲಾಗಿ ಬಿದ್ದೇ ಇರುತ್ತದೆ! ಅದನ್ನು ಒರೆಸಿ, ಕೆಳಗೆ ಮುಚ್ಚಿಹೋಗಿದ್ದ ರಸ್ತೆ, ಪಾದಚಾರಿ ದಾರಿ, ಗಿಡಮರ ಎಲ್ಲವನ್ನೂ ಕೈಯಲ್ಲೇ ಬಿಡಿಸಬೇಕು. ಇಂಥ ಕೆಲಸವನ್ನು 'ಗೇಮ್ ಆಡ್ತಾ ಕೂತಿದ್ದಾನೆ' ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಜಾರು.

ಮತ್ತೆ, ಯಾವ ವರ್ಷದ ಕಾಯ್ ಟಾಕ್? ನಿಲ್ದಾಣದ ಹತ್ತಿರವೇ ಕೌಲೂನ್ ವಾಲ್ಡ್ ಸಿಟಿ ಎಂಬ ಇಕ್ಕಟ್ಟಾದ ವಸತಿ ಇತ್ತು. 1993-94ರಲ್ಲಿ ಅದನ್ನು ಕೆಡವಿದರು, 1995ರಲ್ಲಿ ಅಲ್ಲಿ ಪಾರ್ಕ್ ತೆರೆಯಿತು. ವಾಲ್ಡ್ ಸಿಟಿಯನ್ನೂ ಇಟ್ಟು, 1998ರ ವಿಮಾನಗಳನ್ನೂ ನಿಲ್ಲಿಸಿದರೆ ಆ ಊರು ಯಾವತ್ತೂ ಇರಲೇ ಇಲ್ಲ. ರಾತ್ರಿಯ ದೀಪಗಳದ್ದೂ ಇದೇ ಕಥೆ. ಪೈಲಟ್‌ಗಳಿಗೆ ಗೊಂದಲವಾಗಬಾರದು ಎಂದು ಅಲ್ಲಿನ ನಿಯಾನ್ ಫಲಕಗಳು ಮಿನುಗುವಂತಿರಲಿಲ್ಲ. ಬೆಳಗಬಹುದು, ಮಿಟುಕುವಂತಿಲ್ಲ. ಚಂದಕ್ಕೆ ಎಂದು ಮಿಣಮಿಣ ಫಲಕ ಹಾಕಿದ ಸೀನರಿ ಎಷ್ಟೇ ಸುಂದರವಾಗಿರಲಿ, ಅದು ಕಾಯ್ ಟಾಕ್ ಅಲ್ಲ.

ಎಲ್ಲ ನಿಲ್ದಾಣಗಳಿಗೂ ಇಷ್ಟು ಪಾಡು ಬೇಕಿಲ್ಲ. ಷಿಕಾಗೋದ ಮೀಗ್ಸ್ ಫೀಲ್ಡ್ ಸರೋವರದಂಚಿನ ಪುಟ್ಟ ನಿಲ್ದಾಣ. ಮೈಕ್ರೋಸಾಫ್ಟ್ ಸಿಮ್ಯುಲೇಟರ್ ತೆರೆದರೆ ವರ್ಷಗಟ್ಟಲೆ ಮೊದಲು ಕಾಣುತ್ತಿದ್ದದ್ದು ಅದೇ. 2003ರ ಮಾರ್ಚ್ ಕೊನೆಯ ಒಂದು ರಾತ್ರಿ ಮೇಯರ್ ಆದೇಶದ ಮೇಲೆ ಬುಲ್ಡೋಜರ್‌ಗಳು ರನ್‌ವೇಯನ್ನು ಅಗೆದು ಹಾಕಿದವು. ಆದರೆ ಅಲ್ಲಿ ಸಮತಟ್ಟು ನೆಲ, ನೇರ ದಾರಿ, ಮತ್ತೆ ಕಟ್ಟುವುದು ಕಷ್ಟವಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೂ 2008ರ ಮೇನಲ್ಲಿ ಹೀಗೇ ಒಂದೇ ರಾತ್ರಿಯಲ್ಲಿ ಪ್ರಯಾಣಿಕ ವಿಮಾನಗಳನ್ನು ದೇವನಹಳ್ಳಿಗೆ ಬಿಟ್ಟುಕೊಟ್ಟಿತು. ಅದರ ರನ್‌ವೇ ಈಗಲೂ ಬಳಕೆಯಲ್ಲಿದೆ, ಆ ಮಟ್ಟಿಗೆ ನಾವು ಪುಣ್ಯವಂತರು.

ಕಾಯ್ ಟಾಕ್ ಕಟ್ಟುವವರಿಗೆ ಈಗ ಹೊಸದೊಂದು ಕೆಲಸ ಸೇರಿದೆ. ಇತ್ತೀಚಿನ ಸಿಮ್ಯುಲೇಟರ್‌ಗಳು ಗುಡ್ಡದ ಮೇಲೆ ಗಾಳಿ ಹೇಗೆ ಏರಿ ಇಳಿಯುತ್ತದೆ ಎಂದೂ ಲೆಕ್ಕ ಹಾಕುತ್ತವೆ. ಲಯನ್ ರಾಕ್ ಕಡೆಯಿಂದ ಗಾಳಿ ಬೀಸಿದರೆ ತಿರುವಿನಲ್ಲಿರುವ ವಿಮಾನ ಕುಲುಕಬೇಕು. ಆದ್ದರಿಂದ ಗುಡ್ಡಗಳ ಎತ್ತರದ ದತ್ತಾಂಶವನ್ನು ಒರಟಾಗಿ ಬಿಟ್ಟರೆ ಗಾಳಿಯೂ ಸುಳ್ಳಾಗುತ್ತದೆ. ನೀವು ಕಾಯ್ ಟಾಕ್ ಸೀನರಿ ಹಾಕಿಕೊಳ್ಳುವವರಾದರೆ ಟರ್ಮಿನಲ್‌ನ ಗಾಜು ಎಷ್ಟು ಹೊಳೆಯುತ್ತದೆ ಎಂದು ಆಮೇಲೆ ನೋಡಿ. ಮೊದಲು ಈಶಾನ್ಯದ ಗಾಳಿ ಹಾಕಿ, 88 ಡಿಗ್ರಿಯ ಕಿರಣ ಹಿಡಿದು ಚೌಕಗಳ ಗುಡ್ಡದವರೆಗೆ ಹೋಗಿ, ಅಲ್ಲಿಂದ ಕೈಯಲ್ಲೇ ತಿರುಗಿಸಿ ನೋಡಿ.