ಅಲ್ಪಾವಧಿ ಸ್ಮೃತಿ ಮತ್ತು ರ‍್ಯಾಮ್: ಕಾರವಾರದ ಹತ್ತು ಅಂಕಿಗಳು

ಮನೋವಿಜ್ಞಾನಿಗಳಾದ ಅಟ್ಕಿನ್ಸನ್ ಮತ್ತು ಶಿಫ್ರಿನ್ ಮನುಷ್ಯನ ನೆನಪಿನ ಬಗ್ಗೆ 1968ರಲ್ಲಿ ಕೊಟ್ಟ ಚಿತ್ರ ಎಲ್ಲರಿಗೂ ಗೊತ್ತು: ಸಂವೇದನಾ ಸ್ಮೃತಿ, ಅಲ್ಪಾವಧಿ ಸ್ಮೃತಿ, ದೀರ್ಘಾವಧಿ ಸ್ಮೃತಿ. ಅದರ ಪಕ್ಕದಲ್ಲಿ ಕಂಪ್ಯೂಟರಿನ ಇನ್‌ಪುಟ್, ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿ ಇಡುವ ತಾತ್ಕಾಲಿಕ ಸ್ಮೃತಿ), ಹಾರ್ಡ್ ಡಿಸ್ಕ್ ಎಂದು ಬರೆದು ಗೆರೆ ಎಳೆಯುವುದು ರೂಢಿ. ನನ್ನನ್ನು ಬಹಳ ಕಾಡಿದ್ದು ಅಲ್ಪಾವಧಿ ಸ್ಮೃತಿಯನ್ನು ರ‍್ಯಾಮ್‌ಗೆ ಜೋಡಿಸುವ ನಡುವಿನ ಗೆರೆ.

5813013066. ಒಮ್ಮೆ ಓದಿ, ಕಣ್ಣು ಮುಚ್ಚಿ ಹೇಳಿ ನೋಡಿ. ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ ಅಲ್ಪಾವಧಿ ಸ್ಮೃತಿಯ ಮಿತಿ ಏಳು, ಎರಡು ಹೆಚ್ಚು ಅಥವಾ ಕಡಿಮೆ. ಹತ್ತು ಅಂಕಿ ಕಷ್ಟವೇ. ಈಗ ಕಾರವಾರದವರಂತೆ ಓದಿ: 581301 ಇಲ್ಲಿನ ಪಿನ್‌ಕೋಡ್, 30 ನಮ್ಮ ಗಾಡಿಗಳ ಮೇಲಿನ ಕೆಎ 30, 66 ಊರಿನ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ. ಹತ್ತು ಅಂಕಿಗಳು ಮೂರೇ ಗುಂಪಾದವು. ನೆಲ್ಸನ್ ಕೋವನ್ 2001ರಲ್ಲಿ ಮಿತಿಯನ್ನು ಸುಮಾರು ನಾಲ್ಕು ಗುಂಪಿಗೆ ಇಳಿಸಿದರು. ಮೂರು ಅದರೊಳಗೂ ಹಿಡಿಯುತ್ತದೆ. ಶಿರಸಿಯವರಿಗೆ 581401 ಮತ್ತು 31 ಅಷ್ಟೇ ಸಲೀಸು. ಬೀದರಿನವರಿಗೆ ಇವೆಲ್ಲ ಬರಿಯ ಅಂಕಿಗಳ ಸಾಲು.

ಅದೇ ಸಾಲನ್ನು ಪಠ್ಯವಾಗಿ, ಆಸ್ಕಿ ಸಂಕೇತದಲ್ಲಿ, ರ‍್ಯಾಮ್‌ನಲ್ಲಿ ಇಟ್ಟರೆ ಅಂಕಿಗೊಂದರಂತೆ ಹತ್ತು ಬೈಟ್. ಕಾರವಾರದ ಕಂಪ್ಯೂಟರಿನಲ್ಲೂ ಹತ್ತು, ಬೀದರಿನದರಲ್ಲೂ ಹತ್ತು. ಡಿಸ್ಕಿನಲ್ಲಿ ಜಿಲ್ಲೆಯ ಪಿನ್‌ಕೋಡುಗಳ ಪಟ್ಟಿ ಇದ್ದರೂ ಈ ಲೆಕ್ಕ ತಾನಾಗಿ ಇಳಿಯುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಅಲ್ಪಾವಧಿ ಸ್ಮೃತಿಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ದೀರ್ಘಾವಧಿ ಸ್ಮೃತಿಯಲ್ಲಿ ಈಗಾಗಲೇ ಏನಿದೆ ಎಂಬುದೇ ತೀರ್ಮಾನಿಸುತ್ತದೆ. ಆದ್ದರಿಂದ ದೀರ್ಘಾವಧಿಯಿಂದ ಅಲ್ಪಾವಧಿಗೆ ಬರುವ ಹಿಮ್ಮುಖ ಬಾಣವನ್ನು ಚಿತ್ರದಲ್ಲಿ ದಪ್ಪಗೆ ಎಳೆಯಿರಿ. ನನ್ನ ಮಟ್ಟಿಗೆ ಈ ಪಾಠದ ಜೀವಾಳ ಆ ಬಾಣವೇ.

ಜಿಪ್ ಮಾಡಿದರೆ ಕಡತ ಚಿಕ್ಕದಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಆದರೆ ಅದಕ್ಕೆ ಆಧಾರ ಕಡತದೊಳಗೆ ಮರುಕಳಿಸುವ ಸಾಲುಗಳು. 581301 ಯಾವ ಊರಿನದು ಎಂಬ ತಿಳಿವು ಅದಕ್ಕೆ ಬೇಕಿಲ್ಲ.

ಮರುಪಡೆಯುವಿಕೆ, ಚುಟುಕಾಗಿ. ಕಂಪ್ಯೂಟರ್ ವಿಳಾಸ ಹಿಡಿದು ಹೋಗಿ ಇಟ್ಟದ್ದನ್ನೇ ತರುತ್ತದೆ. ನಾವು ಸುಳಿವು ಹಿಡಿದು ಹೋಗಿ ನೆನಪನ್ನು ಮತ್ತೆ ಕಟ್ಟುತ್ತೇವೆ. ಲಾಫ್ಟಸ್ ಮತ್ತು ಪಾಮರ್ 1974ರ ಪ್ರಯೋಗದಲ್ಲಿ ಕಾರು ಅಪಘಾತದ ಚಲನಚಿತ್ರ ತೋರಿಸಿ, ವೇಗದ ಪ್ರಶ್ನೆಯಲ್ಲಿ ಕ್ರಿಯಾಪದವನ್ನಷ್ಟೇ ಬದಲಿಸಿದರು. ವಾರದ ನಂತರ ಒಡೆದ ಗಾಜು ಕಂಡಿರಾ ಎಂದು ಕೇಳಿದಾಗ, ‘ಅಪ್ಪಳಿಸಿದಾಗ’ ಎಂಬರ್ಥದ ಪ್ರಶ್ನೆಗೆ ಉತ್ತರಿಸಿದ್ದ 50 ಮಂದಿಯಲ್ಲಿ 16 ಜನ ಹೌದೆಂದರು. ‘ಹೊಡೆದಾಗ’ ಎಂಬರ್ಥದ ಪ್ರಶ್ನೆಯ 50 ಮಂದಿಯಲ್ಲಿ 7 ಜನ. ಚಲನಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.