ಸುದ್ದಿಗೂ ನಮಗೂ ನಡುವೆ ಯಾರು?

1940ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ನಡೆದಾಗ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊದ ಈರಿ ಕೌಂಟಿಗೆ ಹೋದರು. ತಿಂಗಳುಗಟ್ಟಲೆ ಅಲ್ಲಿನ ಮತದಾರರನ್ನು ಮಾತಾಡಿಸಿದರು. ರೇಡಿಯೊ, ಪತ್ರಿಕೆಗಳು ಜನರ ಮನಸ್ಸನ್ನು ನೇರವಾಗಿ ತಿರುಗಿಸುತ್ತವೆ ಎಂಬ ನಂಬಿಕೆ ಆಗ ಜೋರಾಗಿತ್ತು. ಅಲ್ಲಿ ಕಂಡದ್ದೇ ಬೇರೆ. ಜಾಸ್ತಿ ಓದುವ, ಜಾಸ್ತಿ ಕೇಳುವ ಕೆಲವರು ಎಲ್ಲ ಬಗೆಯ ಜನರ ನಡುವೆಯೂ ಇದ್ದರು. ಉಳಿದವರು ಅವರ ಮಾತಿಗೆ ಕಿವಿಗೊಡುತ್ತಿದ್ದರು. ಮಾಧ್ಯಮದ ಪ್ರಭಾವ ಎರಡು ಹಂತಗಳಲ್ಲಿ ಹರಿಯುತ್ತದೆ ಎಂಬ ವಿಚಾರ ಹುಟ್ಟಿದ್ದು ಹೀಗೆ.

ಆ ನಡುವಿನ ಮನುಷ್ಯ ಪರಿಚಯದವನು. ಅವನ ಒಲವು ಯಾವ ಕಡೆ ಅಂತ ಗೊತ್ತಿರುತ್ತಿತ್ತು. 'ಇದನ್ನು ಎಲ್ಲಿ ಓದಿದೆ?' ಎಂದು ಕೇಳಬಹುದಿತ್ತು. ಹಾಗೆ ಕೇಳಲು ಆಗುತ್ತಿದ್ದದ್ದೇ ದೊಡ್ಡ ಕಾವಲು ಎಂದು ನಾನು ನಂಬುತ್ತೇನೆ.

ಈಗ ಆ ಜಾಗದಲ್ಲಿ ಅಲ್ಗಾರಿದಮ್ ಕೂಡ ಕೂತಿದೆ, ಅಂದರೆ ಯಾರಿಗೆ ಏನು ತೋರಿಸಬೇಕೆಂದು ಆರಿಸುವ ಕಂಪ್ಯೂಟರ್ ಲೆಕ್ಕಾಚಾರ. 2006ರಲ್ಲಿ ಫೇಸ್‌ಬುಕ್‌ನ ನ್ಯೂಸ್ ಫೀಡ್ (ತೆರೆದ ಕೂಡಲೇ ಸಾಲಾಗಿ ಕಾಣುವ ಪೋಸ್ಟ್‌ಗಳು) ಬಂತು, 2009ರಲ್ಲಿ ಲೈಕ್ ಬಟನ್. ಅದೇ ವರ್ಷದ ಕೊನೆಗೆ ಗೂಗಲ್, ಲಾಗಿನ್ ಆಗದವರಿಗೂ ಅವರವರ ಹಳೆಯ ಹುಡುಕಾಟ ನೋಡಿ ಫಲಿತಾಂಶ ಕೊಡತೊಡಗಿತು. 2012ರಲ್ಲಿ ಯೂಟ್ಯೂಬ್ ತನ್ನ ಲೆಕ್ಕ ಬದಲಿಸಿತು. ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದು ಮುಖ್ಯವಾಯಿತು. ಅಂದರೆ ನಾವು ಬಾಯಿಬಿಟ್ಟು ಏನನ್ನೂ ಹೇಳಬೇಕಿಲ್ಲ. ಒಂದು ವಿಡಿಯೊ ಮೇಲೆ ಸುಮ್ನೆ ಹೆಬ್ಬೆರಳು ನಿಂತರೂ ಸಾಕು, ಅದೂ ಲೆಕ್ಕಕ್ಕೆ ಬರುತ್ತದೆ.

ಈ ಲೆಕ್ಕದಲ್ಲಿ ಸಣ್ಣ ಅಂಕಿಯೂ ಎಷ್ಟು ದೊಡ್ಡದು ನೋಡಿ. 2017ರಲ್ಲಿ ಫೇಸ್‌ಬುಕ್, ಪೋಸ್ಟ್‌ಗೆ ಪ್ರತಿಕ್ರಿಯೆಯಾಗಿ ಒತ್ತುವ ಪ್ರತಿ ಎಮೋಜಿಗೂ ಒಂದು ಲೈಕ್‌ನ ಐದು ಪಟ್ಟು ತೂಕ ಕೊಟ್ಟಿತು. ಕೋಪದ ಮುಖಕ್ಕೂ ಅಷ್ಟೇ ತೂಕ. ಸಿಟ್ಟು ಬರಿಸುವ ಪೋಸ್ಟ್ ಹೆಚ್ಚು ಜನರ ಕಣ್ಣಿಗೆ ಬೀಳದೆ ಇರುತ್ತದಾ? ಕೋಪದ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಅಷ್ಟು ವರ್ಷ ಅದನ್ನು ಒತ್ತಿದವರಿಗೆ ಈ ವಿಷಯವೇ ಗೊತ್ತಿರಲಿಲ್ಲ.

ತಮಗೆ ಒಪ್ಪುವುದಷ್ಟೇ ಕಾಣುವ ಗುಳ್ಳೆಯೊಳಗೆ ಎಲ್ಲರೂ ಸಿಕ್ಕಿಬೀಳುತ್ತಾರೆ ಎಂದು 2011ರಲ್ಲಿ ಅಮೆರಿಕದ ಲೇಖಕ ಇಲೈ ಪಾರಿಸರ್ ಎಚ್ಚರಿಸಿದ್ದರು. ಪೂರ್ತಿ ಮುಚ್ಚಿದ ಗುಳ್ಳೆಯಲ್ಲಿ ಇರುವವರು ಕಡಿಮೆ ಎಂದು ಮುಂದೆ ಹಲವು ಅಧ್ಯಯನಗಳು ಕಂಡವು. ಸಮಾಧಾನದ ಮಾತೇ. ಆದರೂ 'ಇದನ್ನೇ ಯಾಕೆ ತೋರಿಸಿದೆ?' ಎಂಬ ಪ್ರಶ್ನೆ ಹಾಗೇ ಉಳಿದಿದೆ, ಅಲ್ವಾ?

ಅದಕ್ಕೆ ಕಾನೂನಿನಿಂದ ಉತ್ತರ ಕೇಳಲು ಹೊರಟದ್ದು ಯುರೋಪಿಯನ್ ಒಕ್ಕೂಟ. ದೊಡ್ಡ ವೇದಿಕೆಗಳು ಶಿಫಾರಸಿನ ಮುಖ್ಯ ಮಾನದಂಡಗಳನ್ನು ತಿಳಿಸಬೇಕು, ಬಳಕೆದಾರರ ಅಭ್ಯಾಸ, ಆಸಕ್ತಿಗಳ ಜಾತಕ ನೋಡದ ಒಂದು ಫೀಡನ್ನೂ ಕೊಡಬೇಕು. 2023ರ ಆಗಸ್ಟ್‌ನಿಂದ ಈ ನಿಯಮ ಅವುಗಳಿಗೆ ಅನ್ವಯಿಸುತ್ತಿದೆ. ಆದರೆ ಆ ಫೀಡ್ ಮೊದಲಿನಿಂದಲೇ ಆನ್ ಆಗಿರಬೇಕೆಂದು ಕಾನೂನು ಹೇಳುವುದಿಲ್ಲ. ಬೇಕಾದವರು ತಾವೇ ಹುಡುಕಿ ಆರಿಸಿಕೊಳ್ಳಬೇಕು.