ಬಾಟಲಿ ಬಿಟ್ಟವರ ಟೀ ಲೆಕ್ಕ

ಹಾಸನದಲ್ಲಿ ಮಧುಮೇಹದ ರೋಗಿಗಳನ್ನು ನೋಡುತ್ತಾ ಬಂದ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತೆಂದರೆ, “ಡಾಕ್ಟ್ರೇ, ಸೋಡಾ ಪೂರ್ತಿ ಬಿಟ್ಟಿದ್ದೀನಿ, ಈಗ ಬರೀ ಟೀ” ಎಂಬುದು. ಹಾಗೆ ಹೇಳುವವರ ಮುಖದಲ್ಲಿ ಹರಕೆ ತೀರಿಸಿ ಬಂದವರ ನೆಮ್ಮದಿ ಇರುತ್ತದೆ. ಅದನ್ನು ಕೆಡಿಸಲು ನನಗೂ ಮನಸ್ಸಿಲ್ಲ, ಆದರೆ ಅವರೇ ತಂದ ರಕ್ತಪರೀಕ್ಷೆಯ ಚೀಟಿ ಬೇರೆಯೇ ಕಥೆ ಹೇಳುತ್ತಿರುತ್ತದೆ.

ಮೊದಲಿಗೆ ಹೆಸರಿನ ಗೊಂದಲವೊಂದಿದೆ. ನಮ್ಮ ಕಡೆ ಸೋಡಾ ಎಂದರೆ ಗೋಲಿ ಸೋಡಾ. ಅದು ಗ್ಯಾಸ್ ತುಂಬಿದ ನೀರೇ ಹೊರತು ಅದರಲ್ಲಿ ಸಕ್ಕರೆ ಇಲ್ಲ. ನಿಂಬೆ ಹಿಂಡಿ ಕುಡಿದರೆ ಮಧುಮೇಹಿಗೆ ತೊಂದರೆಯಿಲ್ಲ, ರಕ್ತದೊತ್ತಡ ಇರುವವರು ಉಪ್ಪಿನ ಮೇಲೆ ಕಣ್ಣಿಟ್ಟರಾಯಿತು. ಬಿಡಬೇಕಾದದ್ದು ಸಿಹಿಯ ಕೂಲ್ ಡ್ರಿಂಕ್ಸ್. ಸಾಮಾನ್ಯ ಕೋಲಾದ 100 ಮಿ.ಲೀ.ನಲ್ಲಿ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ 250 ಮಿ.ಲೀ. ಬಾಟಲಿಯೊಂದರಲ್ಲಿ ಸುಮಾರು 26 ಗ್ರಾಂ. ಅದರ ಆಮ್ಲ ಹಲ್ಲಿನ ಎನಾಮೆಲ್ ಸವೆಸುವುದು ಬೇರೆ. ಆದ್ದರಿಂದ ಬಿಟ್ಟದ್ದು ಒಳ್ಳೆಯದೇ ಆಯಿತು. ಅದರ ಬದಲಿಗೆ ಏನನ್ನು ಹಿಡಿದುಕೊಂಡರು ಎಂಬುದೇ ನನ್ನ ತಕರಾರು.

ಸಕಲೇಶಪುರದ ಕಡೆಗೆ ಲಾರಿ ಓಡಿಸುವ ನಡುವಯಸ್ಸಿನ ಒಬ್ಬರು ದಿನಕ್ಕೆ ಎರಡು ಬಾಟಲಿ ಕೋಲಾ ಕುಡಿಯುತ್ತಿದ್ದವರು, ನನ್ನ ಮಾತಿಗೆ ಬೆಲೆ ಕೊಟ್ಟು ಒಂದೇ ದಿನದಲ್ಲಿ ನಿಲ್ಲಿಸಿದರು. ಮೂರು ತಿಂಗಳ ನಂತರ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತಿಳಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿದರೆ ಅಂಕಿ ಇಳಿಯುವ ಬದಲು ಒಂದು ಕೂದಲೆಳೆಯಷ್ಟು ಏರಿತ್ತು. ಮಾತ್ರೆಯ ಮೇಲೆ ಅನುಮಾನಪಟ್ಟರು, ಲ್ಯಾಬಿನ ಮೇಲೂ ಪಟ್ಟರು. ನಾನು ಮೇಜಿನ ಮೇಲೆ ಒಂದು ಸಣ್ಣ ಲೋಟ, ಚಮಚ ಮತ್ತು ಸಕ್ಕರೆ ಡಬ್ಬ ಇಟ್ಟು, ನಿಮ್ಮ ಅಂಗಡಿಯ ಟೀಯಷ್ಟೇ ಸಿಹಿಯಾಗುವಷ್ಟು ಹಾಕಿ ತೋರಿಸಿ ಎಂದೆ. ಅವರು ಎರಡು ಚಮಚ ಹಾಕಿ, ಸ್ವಲ್ಪ ಯೋಚಿಸಿ, ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧವನ್ನು ನಾನೇ ಬಿಟ್ಟುಬಿಟ್ಟೆ. ಸಮ ಚಮಚಕ್ಕೆ 4 ಗ್ರಾಂ ಎಂದು ಹಿಡಿದರೂ ಲೋಟಕ್ಕೆ 8 ಗ್ರಾಂ ಆಯಿತು. ದಿನಕ್ಕೆ ಎಂಟು ಟೀ ಎಂದು ಅವರೇ ಒಪ್ಪಿದ್ದರಿಂದ ಒಟ್ಟು 64 ಗ್ರಾಂ. ಹಿಂದಿನ ಎರಡು ಬಾಟಲಿಗಳಲ್ಲಿದ್ದದ್ದು 52. ಚೀಟಿಯ ಹಿಂದೆ ಬರೆದ ಆ ಎರಡು ಅಂಕಿಗಳನ್ನು ಅವರು ಬಹಳ ಹೊತ್ತು ನೋಡುತ್ತಾ ಕುಳಿತರು.

ಟೀಯ ಲಾಭವೇನಿದ್ದರೂ ಅದರ ಸೊಪ್ಪಿನಿಂದ ಬರಬೇಕು, ಆದರೆ ನಮ್ಮವರು ಕುಡಿಯುವುದು ಸೊಪ್ಪಿನ ವಾಸನೆ ಹಿಡಿದ ಪಾನಕ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಭೇಟಿಗೆ “ಸಕ್ಕರೆ ಬಿಟ್ಟೆ ಡಾಕ್ಟ್ರೇ, ಬೆಲ್ಲ ಹಾಕ್ತೀನಿ” ಎಂದು ಬರುತ್ತಾರೆ. ಬೆಲ್ಲದ ಬಹುಪಾಲು ಅದೇ ಸುಕ್ರೋಸ್, ಅಂದರೆ ಸಕ್ಕರೆಯೇ. ಜೇನುತುಪ್ಪ ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ. ಬಾಟಲಿಯಲ್ಲಿ ಬರುವ ಐಸ್ ಟೀಯೂ ಹೆಸರಿಗೆ ಮಾತ್ರ ಟೀ, ಅದರ ಲೇಬಲ್ ಓದಿಯೇ ಕುಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ಇಂಥ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, ಶೇಕಡಾ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ಹೇಳಿತು. ಆ 5 ಎಂದರೆ ಸುಮಾರು 25 ಗ್ರಾಂ. ನಮ್ಮ ಚಾಲಕರು ಬೆಳಗಿನ ತಿಂಡಿಯ ಹೊತ್ತಿಗೇ ಅದನ್ನು ಮುಗಿಸುತ್ತಿದ್ದರು.

ಇನ್ನು ಕೆಲವರು ಮೊಬೈಲ್ ತೆರೆದು ತೋರಿಸುವ ಸುದ್ದಿಯೊಂದಿದೆ. ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಟೀ ಕುಡಿಯುವವರಲ್ಲಿ ಸಾವಿನ ಅಪಾಯ ಶೇಕಡಾ 9ರಿಂದ 13ರಷ್ಟು ಕಡಿಮೆ ಕಂಡಿತ್ತು. ಹಾಲು, ಸಕ್ಕರೆ ಹಾಕಿದರೂ ಹಾಗೆಯೇ ಕಂಡಿತ್ತು ಎಂಬುದೂ ನಿಜ. ಆದರೆ ಟೀ ಕುಡಿಯುವವರ ಉಳಿದ ಬದುಕಿನ ರೀತಿಯೂ ಬೇರೆಯಿದ್ದಿರಬಹುದು. ಅವರನ್ನು ಗಮನಿಸಿದ ಮಾತ್ರಕ್ಕೆ ಟೀಯಿಂದಲೇ ಆಯಸ್ಸು ಹೆಚ್ಚಿತು ಎನ್ನಲಾಗದು. ಸಕ್ಕರೆ ಕಾಯಿಲೆ ಹತೋಟಿಗೆ ಬಾರದ ನನ್ನ ರೋಗಿಗೆ ಅದು ಎರಡು ಚಮಚದ ಪರವಾನಗಿಯಂತೂ ಅಲ್ಲ.

ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಬೇರೆ ಮಾತನ್ನೂ ಹೇಳುತ್ತೇನೆ. ಟೀಗೆ ಒಗರು ಕೊಡುವ ಟ್ಯಾನಿನ್ ಎಂಬ ಅಂಶ, ಆಹಾರದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ಫ್ಲಾಸ್ಕಿನ ಬಿಸಿ ಟೀಯಲ್ಲೇ ರಕ್ತಹೀನತೆಯ ಮಾತ್ರೆ ನುಂಗುವವರನ್ನು ಕಂಡಾಗ ಸಿಟ್ಟಿಗಿಂತ ಹೆಚ್ಚಾಗಿ ಅಯ್ಯೋ ಅನ್ನಿಸುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಟೀ ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ಇನ್ಸುಲಿನ್ ಅಥವಾ ಸಕ್ಕರೆಯನ್ನು ಜೋರಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದಿ ನಾಳೆಯೇ ಸಿಹಿಯನ್ನೆಲ್ಲ ನಿಲ್ಲಿಸಬಾರದು. ಡೋಸ್ ಬದಲಿಸಬೇಕೇ ಎಂದು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಳಿದವರಿಗೆ ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಲು ಹೇಳುತ್ತೇನೆ, ನಾಲಗೆ ಅಷ್ಟರಲ್ಲಿ ಒಗ್ಗಿಕೊಳ್ಳುತ್ತದೆ. ಮನೆಯಲ್ಲಿ ಇದು ಸುಲಭ. ಅಂಗಡಿಯಲ್ಲಿ ಟೀಯನ್ನು ಸಕ್ಕರೆ ಸೇರಿಸಿಯೇ ಕುದಿಸಿಟ್ಟಿರುತ್ತಾರೆ, ಕಮ್ಮಿ ಹಾಕಿ ಎಂದರೆ ಅವರಾದರೂ ಏನು ಮಾಡಿಯಾರು? ನಮ್ಮ ಲಾರಿ ಚಾಲಕರು ಇದಕ್ಕೆ ತಾವೇ ದಾರಿ ಕಂಡುಕೊಂಡರು. ಎಂಟು ಟೀಯನ್ನು ಮೂರಕ್ಕೆ ಇಳಿಸಿ, ಹೊಸದಾಗಿ ಹಾಲು ಕಾಯಿಸುವ ಹೊತ್ತಿಗೆ ಅಂಗಡಿಗೆ ಹೋಗಿ, ತಮಗೊಂದು ಲೋಟವನ್ನು ಮೊದಲೇ ಬೇರೆ ಸೋಸಿಸಿಕೊಳ್ಳುತ್ತಾರೆ. ಮೊದಮೊದಲು ಗೊಣಗುತ್ತಿದ್ದ ಅಂಗಡಿಯವರು ಈಗ ಅವರ ಲಾರಿ ನಿಂತದ್ದು ಕಂಡರೆ ಸಕ್ಕರೆ ಡಬ್ಬದ ಮುಚ್ಚಳ ತೆಗೆಯದೆ ಕಾಯುತ್ತಾರಂತೆ.